1729 ಹುಡುಕುವ ಪ್ರೋಗ್ರಾಂ ಮತ್ತು ತಾಳೆ ನೋಡುವ ಕೆಲಸ

ನಮ್ಮ ತಂಡಕ್ಕೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಕೊಡುವ ಕೆಲಸ ಒಂದು ಸಣ್ಣ ಪ್ರೋಗ್ರಾಂ. ಎರಡು ಧನ ಪೂರ್ಣಾಂಕಗಳ ಘನಗಳ ಮೊತ್ತವಾಗಿ ಎರಡು ಬೇರೆ ಬೇರೆ ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆಯನ್ನು ಹುಡುಕಿ, ಅಷ್ಟೇ. ಉತ್ತರ ಬಹಳ ಜನರಿಗೆ ಮೊದಲೇ ಗೊತ್ತಿರುತ್ತದೆ. 1729. 1³ + 12³ ಅಂದರೆ 1 + 1728. 9³ + 10³ ಅಂದರೆ 729 + 1000. ಎರಡೂ ಒಂದೇ.

ಗೊತ್ತಿರುವ ಉತ್ತರಕ್ಕೆ ಪ್ರೋಗ್ರಾಂ ಯಾಕೆ ಅಂತ ಕೇಳುತ್ತಾರೆ. ನಮ್ಮದು ಹಣದ ವಹಿವಾಟುಗಳನ್ನು ತಾಳೆ ನೋಡುವ ಸಾಫ್ಟ್‌ವೇರ್. ಈ ಕಡೆಯ ಪಟ್ಟಿಯೂ ಆ ಕಡೆಯ ಪಟ್ಟಿಯೂ ಹೊಂದುತ್ತವಾ ಅಂತ ದಿನವಿಡೀ ನೋಡುವ ಕೆಲಸ. 1729 ಹುಡುಕುವಾಗಲೂ ಇರುವುದು ಅದೇ ಪ್ರಶ್ನೆ. ರಾಶಿ ಮೊತ್ತಗಳ ನಡುವೆ ಯಾವ ಎರಡು ಸಮ? ಯಂತ್ರ ಸಮ ಅಂದರೆ ನಿಜವಾಗಿಯೂ ಸಮವಾ? ಮೊದಲ ಪ್ರಶ್ನೆಗೆ ಚೆನ್ನಾಗಿ ಉತ್ತರ ಬರೆಯುವವರು ತುಂಬಾ ಜನ ಇದ್ದಾರೆ. ಎರಡನೆಯದನ್ನು ಕೇಳುವವರು ಕಡಿಮೆ. ಈ ಬರಹ ಮುಖ್ಯವಾಗಿ ಆ ಎರಡನೆಯದರ ಬಗ್ಗೆ.

1729ರ ಕಥೆ ನಿಮಗೂ ಗೊತ್ತಿರುತ್ತದೆ. ಲಂಡನ್ನಿನ ಪಟ್ನಿಯಲ್ಲಿ ಕಾಯಿಲೆ ಬಿದ್ದಿದ್ದ ರಾಮಾನುಜನ್ ಅವರನ್ನು ನೋಡಲು ಇಂಗ್ಲಿಷ್ ಗಣಿತಜ್ಞ ಹಾರ್ಡಿ ಬರುತ್ತಾರೆ. ಬಂದ ಟ್ಯಾಕ್ಸಿಯ ನಂಬರಿನಲ್ಲಿ ವಿಶೇಷ ಏನೂ ಇಲ್ಲ ಅನ್ನುತ್ತಾರೆ. ಇಲ್ಲ, ಅದು ಬಹಳ ಸ್ವಾರಸ್ಯದ ಸಂಖ್ಯೆ ಅಂತ ರಾಮಾನುಜನ್ ತಕ್ಷಣ ಹೇಳುತ್ತಾರೆ. ಸಾಮಾನ್ಯವಾಗಿ ಕಥೆ ಇಲ್ಲಿಗೇ ನಿಲ್ಲುತ್ತದೆ. ನನಗೆ ಇಷ್ಟವಾದದ್ದು ಅದರ ಮುಂದಿನ ಮಾತು. ಹಾಗಾದರೆ ನಾಲ್ಕನೇ ಘಾತಕ್ಕೆ ಇಂಥ ಸಂಖ್ಯೆ ಯಾವುದು ಅಂತ ಹಾರ್ಡಿ ಕೇಳುತ್ತಾರೆ. ರಾಮಾನುಜನ್ ಒಂದು ಕ್ಷಣ ಯೋಚಿಸಿ, ತನಗೆ ಯಾವುದೂ ಕಾಣುತ್ತಿಲ್ಲ, ಅಂಥ ಮೊದಲ ಸಂಖ್ಯೆ ಬಹಳ ದೊಡ್ಡದೇ ಇರಬೇಕು ಅನ್ನುತ್ತಾರೆ. ಸರಿಯಾಗಿಯೇ ಹೇಳಿದ್ದರು. ಅದು 635318657. 59⁴ + 158⁴ ಕೂಡಿದರೂ ಅಷ್ಟೇ, 133⁴ + 134⁴ ಕೂಡಿದರೂ ಅಷ್ಟೇ. ಇದನ್ನು 18ನೇ ಶತಮಾನದಲ್ಲೇ ಗಣಿತಜ್ಞ ಆಯ್ಲರ್ ಕಂಡುಕೊಂಡಿದ್ದರು. ಇದೇ ಅತಿ ಚಿಕ್ಕದು ಅಂತ ಲೀಚ್ ತೋರಿಸಿದ್ದು 1957ರಲ್ಲಿ. ಅಂದಹಾಗೆ 1729 ಕೂಡ ಹಳೆಯದೇ, ಫ್ರಾನ್ಸಿನ ಫ್ರೆನಿಕ್ಲ್ 1657ರಲ್ಲೇ ಅದನ್ನು ಬರೆದಿಟ್ಟಿದ್ದರು.

ಇನ್ನು ಪ್ರೋಗ್ರಾಂಗೆ ಬರೋಣ. ಹೆಚ್ಚಿನವರು ಮೊದಲು ಬರೆಯುವುದು ದೊಡ್ಡ ಟೇಬಲ್. ಎಲ್ಲ ಜೋಡಿಗಳ ಘನಗಳನ್ನು ಕೂಡಿಸು, ಪ್ರತಿ ಮೊತ್ತವನ್ನೂ ನೆನಪಿನಲ್ಲಿಡು, ಮತ್ತೆ ಅದೇ ಮೊತ್ತ ಬಂದರೆ ಕೂಗು. 1729ಕ್ಕೆ ಇದು ಸಾಕು. 12ರವರೆಗೆ ಇರುವುದು 78 ಜೋಡಿ ಮಾತ್ರ. ಮೂರು ರೀತಿಯಲ್ಲಿ ಬರೆಯಬಹುದಾದ ಮೊದಲ ಸಂಖ್ಯೆ 87539319ಕ್ಕೂ ಸಾಕು (167³ + 436³, 228³ + 423³, 255³ + 414³). ಆಮೇಲೆ ನಾನು ನಾಲ್ಕು ರೀತಿ ಕೇಳುತ್ತೇನೆ. ಉತ್ತರ 6963472309248. ಅಲ್ಲಿಯವರೆಗೆ ಹೋಗಲು ಸುಮಾರು 16 ಕೋಟಿ ಮೊತ್ತಗಳನ್ನು ನೋಡಬೇಕು. ಒಂದೊಂದಕ್ಕೆ 8 ಬೈಟ್ ಅಂದರೂ ಬರಿಯ ಮೊತ್ತಗಳಿಗೇ ಒಂದೂಕಾಲು ಜಿಬಿ. ಜೋಡಿಗಳ ಹೆಸರನ್ನೂ ಇಟ್ಟುಕೊಂಡರೆ ಇನ್ನೂ ಜಾಸ್ತಿ. ಇಲ್ಲಿ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ.

ಆಗ ಒಂದು ಪ್ರಶ್ನೆ ಹಾಕುತ್ತೇನೆ. ಮೊತ್ತಗಳು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬಂದರೆ ಎಷ್ಟನ್ನು ನೆನಪಿಡಬೇಕು? ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿಂದಿನ ಒಂದನ್ನೇ ಸಾಕಲ್ವಾ ಅನ್ನುತ್ತಾರೆ. ಹೌದು. ಸಮ ಮೊತ್ತಗಳು ಅಕ್ಕಪಕ್ಕದಲ್ಲೇ ಬರಬೇಕು. ಹಾಗಾದರೆ ಅವನ್ನು ಸಾಲಾಗಿ ಬರಿಸುವುದು ಹೇಗೆ?

1³ಕ್ಕೆ ಒಂದು ಸಾಲು ಮಾಡಿ: 2, 9, 28, 65, 126. 2³ಕ್ಕೆ ಇನ್ನೊಂದು: 16, 35, 72, 133. 3³ಕ್ಕೆ ಮತ್ತೊಂದು: 54, 91, 152. ಪ್ರತಿ ಸಾಲೂ ತಾನಾಗಿಯೇ ಏರುತ್ತಾ ಹೋಗುತ್ತದೆ. ಆದ್ದರಿಂದ ಎಲ್ಲ ಸಾಲುಗಳ ಮುಂದಿನ ಸಂಖ್ಯೆಯನ್ನು ಮಾತ್ರ, ಅತಿ ಚಿಕ್ಕದು ಯಾವಾಗಲೂ ಮೇಲೆಯೇ ಇರುವಂತೆ ಜೋಡಿಸಿಟ್ಟ ರಾಶಿಯಾದ ಒಂದು ಹೀಪ್‌ನಲ್ಲಿಟ್ಟರೆ ಸಾಕು. ಅತಿ ಚಿಕ್ಕದನ್ನು ತೆಗೆ, ಅದರ ಸಾಲಿನ ಮುಂದಿನದನ್ನು ಹಾಕು. 2, 9, 16, 28, 35, 54, 65, 72, 91 ಅಂತ ಕ್ರಮವಾಗಿ ಹೊರಬರುತ್ತವೆ. ನಾಲ್ಕು ರೀತಿಯ ಆ ದೊಡ್ಡ ಸಂಖ್ಯೆಯವರೆಗೆ ಹೋದರೂ ಹೀಪ್‌ನಲ್ಲಿ ಒಮ್ಮೆಗೆ ಇರುವುದು ಸುಮಾರು 15 ಸಾವಿರ ಸಂಖ್ಯೆ. 16 ಕೋಟಿ ಎಲ್ಲಿ, 15 ಸಾವಿರ ಎಲ್ಲಿ! ಡೇನಿಯಲ್ ಬರ್ನ್‌ಸ್ಟೈನ್ 2001ರಲ್ಲಿ ಇಂಥ ಸಮೀಕರಣಗಳನ್ನು ಹುಡುಕುವ ಬಗ್ಗೆ ಬರೆದ ಲೇಖನದಲ್ಲಿ ಇದೇ ಉಪಾಯವನ್ನು ಇನ್ನೂ ಚೊಕ್ಕಟವಾಗಿ ಬೆಳೆಸಿದ್ದಾರೆ.

ಕಚೇರಿಯಲ್ಲಿ ಇದನ್ನು ನಾವು ದಿನಾ ಬಳಸುತ್ತೇವೆ. ಬೇರೆ ಬೇರೆ ಕಡೆಯಿಂದ ವಹಿವಾಟಿನ ಫೈಲುಗಳು ಬರುತ್ತವೆ. ಪ್ರತಿಯೊಂದೂ ತನ್ನೊಳಗೆ ಸಮಯದ ಕ್ರಮದಲ್ಲೇ ಇರುತ್ತದೆ. ಎಲ್ಲವನ್ನೂ ಒಟ್ಟಿಗೆ ಮೆಮೊರಿಗೆ ಸುರಿದು ಜೋಡಿಸುವ ಬದಲು, ಪ್ರತಿ ಫೈಲಿನ ಮುಂದಿನ ಸಾಲನ್ನಷ್ಟೇ ಹೀಪ್‌ನಲ್ಲಿಟ್ಟು ಬೆಸೆಯುತ್ತೇವೆ. ಘನಗಳ ಮೇಲೆ ಒಮ್ಮೆ ಕೈಯಾಡಿಸಿದವರಿಗೆ ನಮ್ಮ ಆ ಕೋಡ್ ಅರ್ಥವಾಗಲು ಹೊತ್ತು ಬೇಕಾಗುವುದಿಲ್ಲ.

ಈಗ ಎರಡನೇ ಪ್ರಶ್ನೆ. ಒಂದು ಸಲ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಘನ ಮುಗಿಸಿ, ತಾನಾಗಿಯೇ ನಾಲ್ಕನೇ ಘಾತಕ್ಕೆ ಹೋಗಿದ್ದಳು. ಜಾವಾ ಭಾಷೆಯಲ್ಲಿ ಟೇಬಲ್ ಬಳಸಿ 1000ದವರೆಗೆ ಹುಡುಕಿದ್ದಳು. ಆಯ್ಲರ್‌ನ ಸಂಖ್ಯೆ ಸಿಕ್ಕಿತ್ತು. ಅದರ ಜೊತೆಗೆ ಮೂರು, ನಾಲ್ಕು ರೀತಿಯಲ್ಲಿ ಬರೆಯಬಹುದಾದ ಸಂಖ್ಯೆಗಳ ಉದ್ದದ ಪಟ್ಟಿಯೂ ಸಿಕ್ಕಿತ್ತು. ನಿಜವಾಗಿದ್ದರೆ ಅದು ದೊಡ್ಡ ಸುದ್ದಿ. ಎರಡು ನಾಲ್ಕನೇ ಘಾತಗಳ ಮೊತ್ತವಾಗಿ ಮೂರು ರೀತಿಯಲ್ಲಿ ಬರೆಯಬಹುದಾದ ಒಂದೇ ಒಂದು ಸಂಖ್ಯೆಯೂ ಇದುವರೆಗೆ ಯಾರಿಗೂ ಸಿಕ್ಕಿಲ್ಲ.

ಪಟ್ಟಿಯಲ್ಲಿದ್ದ ಒಂದು ಸಾಲು 368435456. 100⁴ + 128⁴ ಕೂಡಿದರೆ ಸರಿಯಾಗಿ ಅಷ್ಟೇ ಬರುತ್ತದೆ. ಆದರೆ ಪ್ರೋಗ್ರಾಂ ಅದರ ಜೊತೆಗೆ 100⁴ + 384⁴, 100⁴ + 640⁴, 100⁴ + 896⁴ ಕೂಡ ಅಷ್ಟೇ ಅನ್ನುತ್ತಿತ್ತು. ಒಂದು ನಿಮಿಷ ನಿಂತು ನೋಡಿದರೆ ಇದು ಆಗದ ಮಾತು ಅಂತ ಗೊತ್ತಾಗುತ್ತದೆ. 384 ದೊಡ್ಡದು, ಅದರ ಘಾತವೂ ದೊಡ್ಡದು. 384⁴ ಒಂದೇ 2174 ಕೋಟಿ ದಾಟುತ್ತದೆ. ಆದರೆ ಪರದೆಯ ತುಂಬಾ ಒಂಬತ್ತು, ಹತ್ತು ಅಂಕಿಯ ಸಂಖ್ಯೆಗಳು ಹರಿಯುತ್ತಿರುವಾಗ ಯಾರ ಕಣ್ಣಿಗೂ ಅದು ತಟ್ಟನೆ ಬೀಳುವುದಿಲ್ಲ.

ಆದದ್ದು ಇಷ್ಟು. ಮೊತ್ತವನ್ನು 0, 1ಗಳ 32 ಮನೆಗಳಲ್ಲಿ, ಅಂದರೆ 32 ಬಿಟ್‌ನಲ್ಲಿ ಇಟ್ಟಿದ್ದಳು. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2147483647. 216⁴ ಬರುತ್ತಿದ್ದಂತೆ ಅದು ತುಂಬಿ ತುಳುಕುತ್ತದೆ. ಜಾವಾ ಆಗ ದೂರು ಹೇಳುವುದಿಲ್ಲ, ಸುಮ್ನೆ ಮೇಲಿನ ಬಿಟ್‌ಗಳನ್ನು ಬಿಟ್ಟುಬಿಡುತ್ತದೆ. 256⁴ ಅಂದರೆ ಸರಿಯಾಗಿ 2ರ 32ನೇ ಘಾತ, ಅದು ಅಲ್ಲಿ 0 ಆಗುತ್ತದೆ. 128, 384, 640, 896 ಇವು 128ರ ಬೆಸ ಗುಣಕಗಳು. ಇವುಗಳ ನಾಲ್ಕನೇ ಘಾತಗಳೆಲ್ಲ ಕೆಳಗಿನ 32 ಬಿಟ್‌ಗಳಲ್ಲಿ ಒಂದೇ, 268435456. ಹಾಗಾಗಿ ಅವು ಸಮ ಅಂತ ಯಂತ್ರ ಹೇಳಿದ್ದು ಅದರ ಲೆಕ್ಕದಲ್ಲಿ ಸುಳ್ಳಲ್ಲ. ಅದು ಉತ್ತರಿಸಿದ ಪ್ರಶ್ನೆ ನಮ್ಮದಾಗಿರಲಿಲ್ಲ, ಅಷ್ಟೇ.

ಪಟ್ಟಿಯನ್ನು ಏರಿಕೆ ಕ್ರಮದಲ್ಲಿ ಜೋಡಿಸಿ ಅಂದೆ. ಮೇಲೆ ಬಂದು ಕೂತವು ಋಣ ಸಂಖ್ಯೆಗಳು. ಧನ ಸಂಖ್ಯೆಗಳನ್ನು ಕೂಡಿ ಋಣ ಬರುವುದುಂಟಾ? ಅಲ್ಲಿಂದ ಮುಂದೆ ಅವಳಿಗೆ ನಾನೇನೂ ಹೇಳಬೇಕಾಗಲಿಲ್ಲ. ಅವಳೇ ಒಂಬತ್ತರ ಶೇಷ ಹಿಡಿದು ನೋಡಿದಳು, ಶಾಲೆಯಲ್ಲಿ ಗುಣಾಕಾರ ಸರಿ ಇದೆಯಾ ಅಂತ ನೋಡಲು ಮಾಡುತ್ತಿದ್ದೆವಲ್ಲ, ಅಂಕಿ ಕೂಡಿಸುವುದು, ಅದೇ. 384 ಮೂರರಿಂದ ಭಾಗವಾಗುತ್ತದೆ, ಹಾಗಾಗಿ ಅದರ ನಾಲ್ಕನೇ ಘಾತದ ಶೇಷ 0. 100⁴ದ ಶೇಷ 1. ಮೊತ್ತದ ಶೇಷ 1 ಬರಬೇಕು. 368435456ರ ಅಂಕಿಗಳನ್ನು ಕೂಡಿದರೆ 44, ಶೇಷ 8. ಮುಗಿಯಿತು. ದೊಡ್ಡ ಸಂಖ್ಯೆಯನ್ನು ಲೆಕ್ಕ ಹಾಕದೆಯೇ ಸುಳ್ಳು ಹಿಡಿಯಬಹುದು ಅನ್ನುವುದು ಅವಳಿಗೆ ಎಷ್ಟು ಖುಷಿ ಕೊಟ್ಟಿತೋ ನನಗೂ ಅಷ್ಟೇ ಕೊಟ್ಟಿತು.

ಇದು ಬರಿಯ ಗಣಿತದ ಆಟ ಅಂದುಕೊಳ್ಳಬೇಡಿ. ನಾವು ಹಣವನ್ನು ಪೈಸೆಗಳಲ್ಲಿ ಇಡುತ್ತೇವೆ. 2147483647 ಪೈಸೆ ಅಂದರೆ ಎರಡು ಕೋಟಿ ಹದಿನಾಲ್ಕು ಲಕ್ಷ ಚಿಲ್ಲರೆ ರೂಪಾಯಿ. ಸಾಧಾರಣ ದೊಡ್ಡ ಅಂಗಡಿಯೊಂದರ ಲೆಕ್ಕವೇ ಅದನ್ನು ದಾಟಬಹುದು. 32 ಬಿಟ್‌ನಲ್ಲಿ ಇಟ್ಟರೆ ಎರಡೂ ಕಡೆ ಒಂದೇ ರೀತಿ ತುಳುಕಿ, ಮೊತ್ತ ತಾಳೆಯಾಯಿತು ಅಂತ ಹಸಿರು ಗುರುತು ಬೀಳುವ ಸಾಧ್ಯತೆಯೂ ಇದೆ. ಕೆಂಪು ಬಿದ್ದರೆ ಯಾರಾದರೂ ನೋಡುತ್ತಾರೆ. ಹಸಿರನ್ನು ಯಾರೂ ತೆರೆದು ನೋಡುವುದಿಲ್ಲ. ತುಳುಕದಿದ್ದರೂ 1729 ಇನ್ನೊಂದು ಎಚ್ಚರಿಕೆ ಕೊಡುತ್ತದೆ. 1 ಮತ್ತು 12, 9 ಮತ್ತು 10, ಒಳಗಿರುವುದು ಬೇರೆ, ಮೊತ್ತ ಒಂದೇ. ಅದಕ್ಕೇ ನಮ್ಮಲ್ಲಿ ಮೊತ್ತ ಹೊಂದಿದ ಮೇಲೂ ಸಾಲು ಸಾಲಾಗಿ ಹೋಲಿಸದೆ ಹಸಿರು ಹಾಕುವುದಿಲ್ಲ.

ದಶಮಾಂಶದ ಸಂಖ್ಯೆಗಳದ್ದು ಇನ್ನೊಂದು ಬಗೆಯ ತೊಂದರೆ. ಇದಕ್ಕೆ ನನಗೆ ಸಿಕ್ಕಿದ ಅತ್ಯುತ್ತಮ ಪರೀಕ್ಷೆ ರಾಮಾನುಜನ್ ಅವರದೇ. ಎರಡು ಘನಗಳ ಮೊತ್ತ ಇನ್ನೊಂದು ಘನಕ್ಕೆ ಸಮವಾಗಲು ಸಾಧ್ಯವಿಲ್ಲ, ಫರ್ಮಾ ಅನ್ನುವ ಗಣಿತಜ್ಞನ ಪ್ರಮೇಯ ಹೇಳುವುದು ಅದನ್ನೇ. ಆದರೆ ಬರಿಯ 1ರಿಂದ ತಪ್ಪಿಸಿಕೊಳ್ಳುವ ಜೋಡಿಗಳನ್ನು ಕೊನೆಯಿಲ್ಲದಂತೆ ಕೊಡುತ್ತಾ ಹೋಗುವ ಸೂತ್ರವನ್ನು ಅವರು ಬರೆದಿಟ್ಟಿದ್ದರು. 9³ + 10³ = 12³ + 1, ಅಂದರೆ ನಮ್ಮ 1729, ಆ ಕುಟುಂಬದ್ದೇ. 135³ + 138³ = 172³ − 1. 791³ + 812³ = 1010³ − 1. ಕಾಯಿಲೆಯಲ್ಲಿ ಮಲಗಿದ್ದವರು ಟ್ಯಾಕ್ಸಿ ನಂಬರ್ ಕೇಳಿದ ಕೂಡಲೇ ಹೇಗೆ ಹೇಳಿದರು ಅಂತ ಬೆರಗಾಗುತ್ತೇವಲ್ಲ, ಇಂಥ ಸಂಖ್ಯೆಗಳ ನಡುವೆಯೇ ಅವರು ಬದುಕಿದ್ದರು.

ಇವನ್ನು ನಾನು ಟೆಸ್ಟ್‌ಗಳಾಗಿ ಬಳಸುತ್ತೇನೆ. 791, 812, 1010 ತೆಗೆದುಕೊಂಡು, ದಶಮಾಂಶದ ಸಂಖ್ಯೆಗಳಿಗಾಗಿ ಇರುವ 32 ಬಿಟ್ ಫ್ಲೋಟ್‌ನಲ್ಲಿ ಲೆಕ್ಕ ಹಾಕಿ. ಎಡಗಡೆ ನಿಜವಾಗಿ 1030300999, ಬಲಗಡೆ 1030301000. ಫ್ಲೋಟ್ ಎರಡನ್ನೂ 1030300992 ಅನ್ನುತ್ತದೆ. ಅಷ್ಟು ದೊಡ್ಡ ಸಂಖ್ಯೆಗಳ ಮಟ್ಟದಲ್ಲಿ ಅದಕ್ಕೆ 64ಕ್ಕಿಂತ ಸಣ್ಣ ಹೆಜ್ಜೆ ಇಡಲು ಬರುವುದಿಲ್ಲ. ಯಂತ್ರದ ಪ್ರಕಾರ ಎರಡೂ ಸಮ, ಫರ್ಮಾನ ಪ್ರಮೇಯ ಸುಳ್ಳು! ಡಬಲ್ (64 ಬಿಟ್ ಫ್ಲೋಟ್) ಬಳಸುತ್ತೇನೆ ಅನ್ನುವವರಿಗೆ ಅದೇ ಕುಟುಂಬದ ದೊಡ್ಡವರನ್ನು ಕೊಡುತ್ತೇನೆ. 926271³ + 951690³ = 1183258³ − 1. 64 ಬಿಟ್ ಪೂರ್ಣಾಂಕದಲ್ಲಿ ಇದು ಸರಿಯಾಗಿ ಹಿಡಿಯುತ್ತದೆ. ಡಬಲ್‌ಗೆ ಅಲ್ಲಿ ಹೆಜ್ಜೆಯ ಅಳತೆ 256, ಒಂದರ ವ್ಯತ್ಯಾಸ ಅದಕ್ಕೆ ಕಾಣುವ ದಾರಿಯೇ ಇಲ್ಲ. ಜಾವಾಸ್ಕ್ರಿಪ್ಟ್‌ನ ಮಾಮೂಲಿ ಸಂಖ್ಯೆಯೂ ಡಬಲ್ಲೇ. ಹಾಗಾಗಿ ಡಬಲ್ ತಪ್ಪಿಲ್ಲದೆ ಹಿಡಿಯುವ ಗಡಿಯಾದ 9007199254740991 ದಾಟಿದ ವಹಿವಾಟು ಸಂಖ್ಯೆಗಳನ್ನು ನಾವು ಬ್ರೌಸರಿಗೆ ಯಾವಾಗಲೂ ಅಕ್ಷರಗಳಾಗಿಯೇ ಕಳಿಸುತ್ತೇವೆ. ಐದು ರೀತಿಯಲ್ಲಿ ಬರೆಯಬಹುದಾದ ಮೊದಲ ಘನಮೊತ್ತ 48988659276962496 ಕೂಡ ಆ ಗಡಿಯ ಆಚೆಯೇ ಇದೆ.

ಐದನೇ ಘಾತಕ್ಕೆ ಹೋದರೆ ಕಥೆಯೇ ಬೇರೆ. ಎರಡು ಐದನೇ ಘಾತಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದಾದ ಧನ ಸಂಖ್ಯೆ ಒಂದೂ ಸಿಕ್ಕಿಲ್ಲ. 10²⁶ವರೆಗೆ ಹುಡುಕಿದರೂ ಇಲ್ಲ. ಇಲ್ಲವೇ ಇಲ್ಲ ಅಂತ ಯಾರೂ ಸಾಧಿಸಿಲ್ಲ ಕೂಡ. 6208 ದಾಟಿದರೆ ಐದನೇ ಘಾತ 64 ಬಿಟ್‌ನಲ್ಲೂ ಹಿಡಿಯುವುದಿಲ್ಲ, ಅಲ್ಲಿಂದ ಮುಂದೆ ದೊಡ್ಡ ಪೂರ್ಣಾಂಕಗಳ ಲೈಬ್ರರಿ ಬೇಕು. ಆದರೂ ಬಿಡುವಿದ್ದವರಿಗೆ ಇದನ್ನು ಕೊಡುತ್ತೇನೆ. ಯಾಕೆಂದರೆ ಇಲ್ಲಿ ಶೇಷದ ಇನ್ನೊಂದು ಬಳಕೆ ಚೆನ್ನಾಗಿ ಕಾಣುತ್ತದೆ. ಯಾವ ಐದನೇ ಘಾತವನ್ನು 11ರಿಂದ ಭಾಗಿಸಿದರೂ ಶೇಷ 0, 1 ಅಥವಾ 10 ಮಾತ್ರ. ಎರಡನ್ನು ಕೂಡಿದರೆ 0, 1, 2, 9, 10, ಈ ಐದೇ. ಎರಡು ಮೊತ್ತಗಳು ಸಮವಾಗಬೇಕಾದರೆ ಅವುಗಳ ಶೇಷವೂ ಒಂದೇ ಇರಬೇಕು. ಹಾಗಾದರೆ ಶೇಷ 1 ಇರುವ ಮೊತ್ತವನ್ನು ಶೇಷ 9 ಇರುವುದರ ಜೊತೆ ಹೋಲಿಸುವ ಅಗತ್ಯವೇ ಇಲ್ಲ. ಈ ಸಲ ಸೇರಿದ ಮೂವರು ಹುಡುಕಾಟವನ್ನು ಐದು ಭಾಗ ಮಾಡಿ, ಒಂದಕ್ಕೊಂದು ಮಾತಾಡದ ಐದು ಯಂತ್ರಗಳಿಗೆ ಹಂಚಿದ್ದಾರೆ. ಮುಂದಿನ ತಿಂಗಳು ಅದೇ ಮೂವರು ನಮ್ಮ ವಹಿವಾಟುಗಳನ್ನು ಖಾತೆ ಸಂಖ್ಯೆಯ ಶೇಷದ ಪ್ರಕಾರ ಹಂಚುವ ಕೋಡ್ ಬರೆಯಲಿದ್ದಾರೆ.