ಸಾಲು ಬಿಡದ ಹಡಗುಗಳು

ಎರಡನೇ ಮಹಾಯುದ್ಧದ ಅಟ್ಲಾಂಟಿಕ್ ಕಾಳಗದ ಮಾತು ಬಂದರೆ ಎಲ್ಲರೂ ಜರ್ಮನಿಯ ಜಲಾಂತರ್ಗಾಮಿಗಳಾದ ಯು-ಬೋಟ್‌ಗಳ ಕಡೆಗೋ ಅವನ್ನು ಬೇಟೆಯಾಡುವ ಡೆಸ್ಟ್ರಾಯರ್‌ಗಳ ಕಡೆಗೋ ಹೊರಳುತ್ತಾರೆ. ಅವುಗಳ ನಡುವೆ ಗೋಧಿ, ಮರ, ಅದಿರು, ಪೆಟ್ರೋಲ್ ಹೊತ್ತು ಸಾಗುತ್ತಿದ್ದ ಸರಕು ಹಡಗುಗಳು ಬರೀ ಲೆಕ್ಕದ ಅಂಕಿಗಳಾಗಿ ಉಳಿದುಬಿಡುತ್ತವೆ: ಇಷ್ಟು ಟನ್ ಮುಳುಗಿತು, ಇಷ್ಟು ಟನ್ ದಾಟಿತು. ಆದರೆ ಕಾನ್ವಾಯ್ (ಯುದ್ಧನೌಕೆಗಳ ಬೆಂಗಾವಲಿನಲ್ಲಿ ಒಟ್ಟಾಗಿ ಸಾಗುವ ಸರಕು ಹಡಗುಗಳ ಗುಂಪು) ಉಳಿಯುವುದರಲ್ಲಿ ಬೆಂಗಾವಲಿನ ಫಿರಂಗಿಗೆ ಎಷ್ಟು ಪಾಲಿತ್ತೋ, ಸರಕು ಹಡಗನ್ನು ನಡೆಸುವ ಕಟ್ಟೆಯಾದ ಬ್ರಿಡ್ಜ್ ಮೇಲೆ ಮತ್ತು ಬಾಯ್ಲರ್ ಮುಂದೆ ನಡೆಯುತ್ತಿದ್ದ ಬೇಸರದ, ಬಿಡುವಿಲ್ಲದ ಕೆಲಸಕ್ಕೂ ಅಷ್ಟೇ ಇತ್ತು. ಆ ಕೆಲಸದ ಹೆಸರು, ತನ್ನ ಜಾಗದಲ್ಲಿ ಇರುವುದು.

ಮೊದಲು ಜಾಗ ಎಂದರೇನು ನೋಡೋಣ. ಕಾನ್ವಾಯ್ ಒಂದರ ಹಿಂದೊಂದು ಹೋಗುವ ಉದ್ದ ಮೆರವಣಿಗೆ ಅಲ್ಲ; ಅಗಲವಾದ, ಗಿಡ್ಡವಾದ ಆಯತ. 45 ಹಡಗುಗಳಿದ್ದರೆ ಒಂಬತ್ತು ಸಾಲು, ಸಾಲಿಗೆ ಐದು. ಸಾಲು ಸಾಲಿನ ನಡುವೆ ಸುಮಾರು 1000 ಗಜ, ಒಂದೇ ಸಾಲಿನಲ್ಲಿ ಹಿಂದೆ ಮುಂದೆ 400ರಿಂದ 800 ಗಜ. 600 ಗಜ ಎಂದು ಹಿಡಿದರೆ ಇಡೀ ಗುಂಪಿನ ಅಗಲ ಏಳು ಕಿಲೋಮೀಟರಿಗೂ ಹೆಚ್ಚು, ಉದ್ದ ಎರಡು ಕಿಲೋಮೀಟರು ಚಿಲ್ಲರೆ. ಹೀಗೇಕೆ ಅಂದರೆ, ಟಾರ್ಪಿಡೊ ಹೊಡೆಯುವವನಿಗೆ ಅನುಕೂಲ ಪಕ್ಕದಿಂದ. ಪಕ್ಕದಿಂದ ನೋಡಿದಾಗ ಹಡಗಿನ ಪೂರ್ತಿ ಮೈ ಕಾಣುತ್ತದೆ. ಆ ಪಕ್ಕ ಎಷ್ಟು ಗಿಡ್ಡವಿದ್ದರೆ ಅಷ್ಟು ಒಳ್ಳೆಯದು. ಎದುರಿನಿಂದ ಬಂದವನಿಗೆ ಕಾಣುವುದು ಹಡಗುಗಳ ಸಪೂರ ಮೂತಿ ಮಾತ್ರ.

ಪ್ರತಿ ಹಡಗಿಗೂ ಎರಡಂಕಿಯ ಸಂಖ್ಯೆ. ಎಡಗಡೆಯ ಸಾಲು ಒಂದನೆಯದು. 53 ಎಂದರೆ ಐದನೇ ಸಾಲಿನ ಮೂರನೇ ಹಡಗು. ನಡುವಿನ ಸಾಲಿನ ಮುಂದಿನ ತುದಿಯಲ್ಲಿ, ಸರಕು ಹಡಗುಗಳ ಮುಖ್ಯಸ್ಥ ಕಮೊಡೋರ್ ಇರುವ ಹಡಗು. ಕಮೊಡೋರ್‌ಗಳಲ್ಲಿ ಬಹಳ ಮಂದಿ ನಿವೃತ್ತಿಯಿಂದ ಮರಳಿ ಬಂದ ಅಡ್ಮಿರಲ್‌ಗಳು. ಅವರ ಅಧಿಕಾರ ಸರಕು ಹಡಗುಗಳ ಮೇಲೆ ಮಾತ್ರ. ಬೆಂಗಾವಲು ಪಡೆಗೆ ಬೇರೆ ಕಮಾಂಡರ್, ಅನೇಕ ಸಲ ವಯಸ್ಸಿನಲ್ಲೂ ಹುದ್ದೆಯಲ್ಲೂ ಬಹಳ ಕಿರಿಯ. ಆದರೂ ಇಡೀ ಗುಂಪಿನ ಸುರಕ್ಷತೆಯ ಹೊಣೆ ಆ ಕಿರಿಯನದೇ. ಈ ಏರ್ಪಾಡು ಕಾಗದದ ಮೇಲೆ ವಿಚಿತ್ರವಾಗಿ ಕಂಡರೂ ಸಮುದ್ರದಲ್ಲಿ ಚೆನ್ನಾಗಿಯೇ ನಡೆಯಿತು.

ಕೆನಡಾದ ಹ್ಯಾಲಿಫ್ಯಾಕ್ಸ್‌ನಿಂದ ಹೊರಡುವ ಎಚ್‌ಎಕ್ಸ್ ಕಾನ್ವಾಯ್‌ಗಳು 1939ರ ಸೆಪ್ಟೆಂಬರ್ 16ರಂದು ಶುರುವಾದವು; 1942ರಿಂದ ಅವು ನ್ಯೂಯಾರ್ಕ್‌ನಿಂದ ಹೊರಟವು. ಅಷ್ಟು ಓಡಲಾರದ ಮುದಿ ಹಡಗುಗಳಿಗಾಗಿ 1940ರ ಆಗಸ್ಟ್‌ನಲ್ಲಿ ಎಸ್‌ಸಿ ಕಾನ್ವಾಯ್‌ಗಳು ಬಂದವು. ಹೊರಡುತ್ತಿದ್ದದ್ದು ಕೆನಡಾದ ಕೇಪ್ ಬ್ರೆಟನ್ ದ್ವೀಪದ ಸಿಡ್ನಿಯಿಂದ. ಇವುಗಳ ವೇಗ ಏಳೂವರೆ ನಾಟ್ ಆಸುಪಾಸು, ಅಂದರೆ ಗಂಟೆಗೆ 14 ಕಿಲೋಮೀಟರ್. ಎಲ್ಲಕ್ಕಿಂತ ನಿಧಾನದ ಹಡಗಿನ ವೇಗವೇ ಇಡೀ ಗುಂಪಿನ ವೇಗ. ನೀರಿನ ಮೇಲೆ 17 ನಾಟ್ ಓಡಬಲ್ಲ ಯು-ಬೋಟ್ ಇಂಥ ಕಾನ್ವಾಯ್ ಹಿಂದೆ ಬಿದ್ದರೆ ರಾತ್ರಿಯೊಳಗೆ ಮುಂದೆ ಹೋಗಿ ಕಾದು ಕೂರಬಹುದು.

ಹೊರಡುವ ಮೊದಲು ಬಂದರಿನಲ್ಲಿ ಎಲ್ಲ ಕ್ಯಾಪ್ಟನ್‌ಗಳ ಸಭೆ ನಡೆಯುತ್ತಿತ್ತು. ಸಾಲುಗಳ ನಕ್ಷೆ, ಸಂಕೇತಗಳ ಪುಸ್ತಕ, ಹಿಂದೆ ಬಿದ್ದವರು ಹಿಡಿಯಬೇಕಾದ ಗುಟ್ಟಿನ ದಾರಿಯ ಮೊಹರು ಮಾಡಿದ ಲಕೋಟೆ ಕೈಗೆ ಬರುತ್ತಿದ್ದವು. ಗುಟ್ಟಿನ ಕಾಗದಗಳನ್ನೆಲ್ಲ ಭಾರ ಕಟ್ಟಿದ ಚೀಲದಲ್ಲಿ ಇಡಬೇಕು. ಮುಳುಗುವ ಹಡಗನ್ನು ತೊರೆಯುವ ಹೊತ್ತು ಬಂದರೆ ಮೊದಲು ಸಮುದ್ರಕ್ಕೆ ಬೀಳಬೇಕಾದದ್ದು ಆ ಚೀಲ.

ಈಗ ಅಸಲು ಕಷ್ಟಕ್ಕೆ ಬರೋಣ. ಸರಕು ಹಡಗಿನ ಅಧಿಕಾರಿ ತನ್ನ ಜೀವಮಾನವೆಲ್ಲ ಕಲಿತದ್ದು ಬೇರೆ ಹಡಗುಗಳಿಂದ ದೂರ ಇರುವುದನ್ನು. ಇಲ್ಲಿ ದೀಪವಿಲ್ಲದ ರಾತ್ರಿಯಲ್ಲಿ, ಹತ್ತು ಸಾವಿರ ಟನ್ ಭಾರದೊಂದಿಗೆ, 600 ಗಜ ಮುಂದಿರುವ ಕಪ್ಪು ನೆರಳಿನ ಬೆನ್ನು ಬಿಡದೆ ಹೋಗಬೇಕು. ಬ್ರೇಕ್ ಇಲ್ಲದ ಗಾಡಿ ಇದು. ಎಂಜಿನ್ ನಿಲ್ಲಿಸಿದರೂ ಹಡಗು ತನ್ನ ಓಟದಲ್ಲೇ ಬಹಳ ದೂರ ಹೋಗುತ್ತದೆ.

ಲೆಕ್ಕ ಹಾಕಿ ನೋಡಿ. ಹತ್ತು ನಾಟ್ ವೇಗಕ್ಕೆ ಪ್ರೊಪೆಲರ್ ನಿಮಿಷಕ್ಕೆ 65 ಸುತ್ತು ತಿರುಗುತ್ತದೆ ಎಂದುಕೊಂಡರೆ, ಒಂದೇ ಒಂದು ಸುತ್ತು ಹೆಚ್ಚಾದರೆ ಗಂಟೆಗೆ 300 ಗಜ ಮುಂದೆ ಸರಿದಂತೆ. ಎರಡು ಗಂಟೆಯಲ್ಲಿ ಮುಂದಿನ ಹಡಗಿನ ಬೆನ್ನಿಗೆ ಬಂದಿರುತ್ತೀರಿ. ಅರ್ಧ ನಾಟ್ ಹೆಚ್ಚಾದರೆ ಅದೇ 600 ಗಜ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಹಾಗಾಗಿ ನಾಲ್ಕು ಗಂಟೆಯ ಪಾಳಿಯುದ್ದಕ್ಕೂ ಬ್ರಿಡ್ಜ್‌ನಿಂದ ಎಂಜಿನ್ ರೂಮಿಗೆ ಹೋಗುವ ಮಾತು ಇದೊಂದೇ: ಎರಡು ಸುತ್ತು ಏರಿಸಿ, ಒಂದು ಸುತ್ತು ಇಳಿಸಿ.

ಅಂತರ ಅಳೆಯಲು ಕಣ್ಣಂದಾಜು ಸಾಲದು, ಕೋನ ಅಳೆಯುವ ಉಪಕರಣವಾದ ಸೆಕ್ಸ್‌ಟೆಂಟ್ ಬಳಸುತ್ತಿದ್ದರು. ಮುಂದಿನ ಹಡಗಿನ ಕಂಬದ ತುದಿ ನೀರಿನಿಂದ 100 ಅಡಿ ಎತ್ತರವಿದ್ದರೆ, 600 ಗಜ ದೂರದಿಂದ ಅದು ಮಾಡುವ ಕೋನ 3 ಡಿಗ್ರಿ 11 ನಿಮಿಷ. ಕೋನ 4 ಡಿಗ್ರಿ 46 ನಿಮಿಷಕ್ಕೆ ಏರಿತೆಂದರೆ 400 ಗಜಕ್ಕೆ ಬಂದಿದ್ದೇವೆ ಎಂದರ್ಥ. ರಾತ್ರಿ ಇದು ನಡೆಯದು. ಆಗ ಸಿಗುವುದು ಮುಂದಿನ ಹಡಗಿನ ಹಿಂಭಾಗದ ಮಂಕು ನೀಲಿ ದೀಪ, ಅದೂ ಇದ್ದರೆ. ಇಲ್ಲವಾದರೆ ಪ್ರೊಪೆಲರ್ ಎಬ್ಬಿಸಿದ ಬಿಳಿ ನೊರೆ.

ನ್ಯೂಫೌಂಡ್‌ಲ್ಯಾಂಡ್ ಬಳಿಯ ಗ್ರ್ಯಾಂಡ್ ಬ್ಯಾಂಕ್ಸ್‌ನಲ್ಲಿ ಮಂಜು ಕವಿದರೆ ಆ ನೊರೆಯೂ ಕಾಣದು. ಆಗ ಪ್ರತಿ ಹಡಗೂ ಉದ್ದನೆಯ ಹಗ್ಗದ ತುದಿಯಲ್ಲಿ ಮಂಜಿನ ಬೋಯ್ ಎಳೆಯುತ್ತಿತ್ತು. ನೀರನ್ನು ಸೀಳಿಕೊಂಡು ಬರುವಾಗ ಚಿಲುಮೆಯಂತೆ ಮೇಲಕ್ಕೆ ಚಿಮ್ಮಿಸುವ ಸರಳ ಸಾಧನ. ಹಿಂದಿನ ಹಡಗಿನ ಮೂತಿಯಲ್ಲಿ ನಿಂತವನು ಆ ಚಿಮ್ಮುಗೆಯ ಮೇಲೆ ಕಣ್ಣಿಟ್ಟರೆ ಸಾಕು, ಅಂತರ ತಪ್ಪುವುದಿಲ್ಲ. ಇದನ್ನು ಪೆರಿಸ್ಕೋಪ್ ಎಂದು ಭ್ರಮಿಸಿ ಗಾಬರಿಯಾದದ್ದೂ ಉಂಟು.

ಹೊಗೆಯ ವಿಷಯ ಇನ್ನೂ ಸೂಕ್ಷ್ಮ. ಹಡಗಿನ ಮೈ ಕಾಣುವುದಕ್ಕೆ ಬಹಳ ಮೊದಲೇ ಹೊಗೆ ದಿಗಂತದ ಮೇಲೆ ಕಾಣುತ್ತದೆ. ಕಲ್ಲಿದ್ದಲಿನ ಹಡಗಿನಲ್ಲಿ ಕಿಟ್ಟ ಕಟ್ಟಿದ ಬೆಂಕಿಯನ್ನು ಆಗಾಗ ಕೆದಕಿ ತೆಗೆದು ಹೊಸ ಕಲ್ಲಿದ್ದಲು ಹಾಕಲೇಬೇಕು. ಹಾಕಿದ ತಕ್ಷಣ ಕಪ್ಪು ಹೊಗೆ ಏಳುತ್ತದೆ, ಸ್ಟೀಮ್ ಒತ್ತಡ ಇಳಿಯುತ್ತದೆ, ವೇಗ ತಗ್ಗುತ್ತದೆ. ಎಲ್ಲ ಒಲೆಗಳನ್ನೂ ಒಟ್ಟಿಗೆ ತೆಗೆದರೆ ಹಡಗು ಸಾಲಿನಿಂದ ಹಿಂದೆ ಬೀಳುವುದು ಖಂಡಿತ. ಒಂದೊಂದೇ ಒಲೆ ತೆಗೆಯಬೇಕು, ಕಲ್ಲಿದ್ದಲನ್ನು ತೆಳ್ಳಗೆ, ಪದೇಪದೇ ಹಾಕಬೇಕು. ಕಳಪೆ ಕಲ್ಲಿದ್ದಲು ಸಿಕ್ಕಿದರೆ ಎಂಥ ನುರಿತ ಫೈರ್‌ಮನ್‌ ಕೈಯಲ್ಲೂ ಆಗದು. ಕಮೊಡೋರ್ ಹಡಗಿನಿಂದ ‘ಹೊಗೆ ಕಡಿಮೆ ಮಾಡಿ’ ಎಂಬ ಬಾವುಟ ಮತ್ತೆ ಮತ್ತೆ ಏರುತ್ತಿದ್ದದ್ದು ಈ ಕಾರಣಕ್ಕೆ. ಅಡುಗೆಮನೆಯ ಕಸವನ್ನೂ ಕತ್ತಲಾದ ಮೇಲಷ್ಟೇ ಎಸೆಯಬೇಕಿತ್ತು. ಹಗಲಲ್ಲಿ ಎಸೆದರೆ ತೇಲುವ ಕಸವೇ ದಾರಿ ತೋರಿಸುತ್ತದೆ.

ಯು-ಬೋಟ್ ಹತ್ತಿರವಿದೆ ಎಂದು ತಿಳಿದರೆ ತುರ್ತು ತಿರುವು. ಎಲ್ಲ ಹಡಗುಗಳೂ ಒಂದೇ ಕ್ಷಣದಲ್ಲಿ 45 ಡಿಗ್ರಿ ತಿರುಗಬೇಕು. ಹಗಲಲ್ಲಿ ಬಾವುಟ, ರಾತ್ರಿ ಬಣ್ಣದ ದೀಪ, ಜೊತೆಗೆ ಸೈರನ್: ಹಸಿರು ಬಲಕ್ಕೆ, ಕೆಂಪು ಎಡಕ್ಕೆ. ಬಾವುಟದ ಸಂಕೇತವನ್ನು ಪ್ರತಿ ಹಡಗೂ ತಾನೂ ಏರಿಸಿ ಕಂಡೆನೆಂದು ತೋರಿಸಬೇಕು. ಕಮೊಡೋರ್ ಬಾವುಟ ಇಳಿಸಿದ ಕ್ಷಣ ಚುಕ್ಕಾಣಿ ತಿರುಗಬೇಕು. ಒಬ್ಬ ತಡಮಾಡಿದರೂ ಪಕ್ಕದ ಸಾಲಿನವನ ಮೈಮೇಲೆ ಬೀಳುತ್ತಾನೆ. ಗ್ರೀಕ್, ನಾರ್ವೇಜಿಯನ್, ಡಚ್, ಸ್ವೀಡಿಷ್ ಹಡಗುಗಳು ಒಂದೇ ಗುಂಪಿನಲ್ಲಿದ್ದವು ಎಂಬುದನ್ನು ನೆನೆದರೆ, ಇದು ಸರಾಗವಾಗಿ ನಡೆಯುತ್ತಿದ್ದದ್ದೇ ನನಗೆ ಬೆರಗು.

ಸಾಲು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಎಸ್‌ಸಿ-7 ಸಾಕ್ಷಿ. 1940ರ ಅಕ್ಟೋಬರ್ 5ರಂದು 35 ಹಡಗುಗಳು ಸಿಡ್ನಿ ಬಿಟ್ಟವು. ಮುಕ್ಕಾಲು ದಾರಿಗೆ ಜೊತೆಗಿದ್ದ ಬೆಂಗಾವಲು ಹಡಗು ಸ್ಕಾರ್‌ಬರೊ ಒಂದೇ. ಗುಂಪಿನಲ್ಲಿ ಕೆನಡಾದ ಮಹಾಸರೋವರಗಳಿಗೆಂದು ಕಟ್ಟಿದ ಹಡಗುಗಳೂ ಇದ್ದವು. ಸಾಗರದ ಅಲೆ ಅವುಗಳ ಮೈಗೆ ಹೇಳಿಸಿದ್ದಲ್ಲ. ಬಿರುಗಾಳಿಗೆ ಹಿಂದೆ ಬಿದ್ದ ಅಂಥದೊಂದು ಹಡಗು, ಟ್ರೆವೀಸಾ, 16ರಂದು ಮೊದಲು ಮುಳುಗಿತು. 18ರ ರಾತ್ರಿ ಹಲವು ಯು-ಬೋಟ್‌ಗಳು ನೀರಿನ ಮೇಲೆಯೇ ಬಂದವು. ಬೆಂಗಾವಲಿನ ಆಸ್ಡಿಕ್ ನೀರಿನ ಒಳಗಿರುವುದನ್ನು ಹುಡುಕುವ ಯಂತ್ರ. ಮೇಲೆ ತೇಲುವ ಸಣ್ಣ ಯು-ಬೋಟ್ ಅದಕ್ಕೆ ಸಿಗದು. ಜರ್ಮನ್ ಕ್ಯಾಪ್ಟನ್ ಒಟ್ಟೊ ಕ್ರೆಟ್ಶ್‌ಮರ್‌ನ ಯು-99 ಸಾಲುಗಳ ನಡುವೆಯೇ ನುಗ್ಗಿ ಹೊಡೆಯಿತು. ಒಟ್ಟು 20 ಹಡಗುಗಳು ಹೋದವು. ಬೆನ್ನಿಗೇ ಬರುತ್ತಿದ್ದ ಎಚ್‌ಎಕ್ಸ್-79 ಇನ್ನೂ 12 ಕಳೆದುಕೊಂಡಿತು. ಕತ್ತಲಲ್ಲಿ ಯು-ಬೋಟ್ ಕಾಣಲೆಂದು ಆಮೇಲೆ ‘ಸ್ನೋಫ್ಲೇಕ್’ ಬೆಳಕಿನ ರಾಕೆಟ್‌ಗಳನ್ನು ಸರಕು ಹಡಗುಗಳಿಗೆ ಕೊಟ್ಟರು. ಯಾರೋ ಗಾಬರಿಯಲ್ಲಿ ಹಾರಿಸಿದರೆ ಬೆಳಗುತ್ತಿದ್ದದ್ದು ಕಾನ್ವಾಯ್ ಕೂಡ.

ಮರಳುವ ಪ್ರಯಾಣ ಸುಲಭ ಎಂದುಕೊಳ್ಳಬೇಡಿ. ಪಶ್ಚಿಮಕ್ಕೆ ಹೋಗುವಾಗ ಹೆಚ್ಚಿನ ಹಡಗುಗಳು ಖಾಲಿ. ಅಡಿಭಾರಕ್ಕೆ ಮಣ್ಣು ಕಲ್ಲು ತುಂಬಿದರೂ ಹಡಗು ನೀರಿನ ಮೇಲೆ ಎತ್ತರವಾಗಿ ನಿಲ್ಲುತ್ತದೆ. ಆ ಎತ್ತರದ ಪಕ್ಕಕ್ಕೆ ಗಾಳಿ ಬಡಿದರೆ ಚುಕ್ಕಾಣಿ ಮಾತು ಕೇಳದು. ಅಲೆಯೇರಿದಾಗ ಪ್ರೊಪೆಲರ್ ನೀರಿನಿಂದ ಹೊರಬಂದು ಹುಚ್ಚೆದ್ದು ತಿರುಗುತ್ತದೆ, ಎಂಜಿನಿಯರ್ ಥ್ರಾಟಲ್ ಮೇಲೆ ಕೈಯಿಟ್ಟೇ ಪಾಳಿ ಕಳೆಯಬೇಕು.

ಟಾರ್ಪಿಡೊ ಬಡಿದ ಮೇಲೆ ಎಷ್ಟು ಹೊತ್ತು ಉಳಿದಿದೆ ಎಂಬುದನ್ನು ಸರಕು ತೀರ್ಮಾನಿಸುತ್ತಿತ್ತು. ಕಬ್ಬಿಣದ ಅದಿರು ತುಂಬ ಭಾರ. ಹಡಗು ತೂಕದಲ್ಲಿ ತುಂಬಿದಾಗಲೂ ಸರಕು ತುಂಬುವ ಹೋಲ್ಡ್‌ನ ಬಹುಪಾಲು ಖಾಲಿ ಇರುತ್ತದೆ. ತೂತಾದರೆ ಆ ಖಾಲಿ ಜಾಗಕ್ಕೆಲ್ಲ ನೀರು ನುಗ್ಗುತ್ತದೆ, ಒಂದೆರಡು ನಿಮಿಷದಲ್ಲಿ ಮುಗಿಯಿತು. ಎಸ್‌ಸಿ-7ರಲ್ಲಿ ಅದಿರು ಹೊತ್ತಿದ್ದ ಕ್ರೀಕರ್ಕ್‌ನಿಂದ ಒಬ್ಬರೂ ಉಳಿಯಲಿಲ್ಲ. ಅದಿರಿನ ಹಡಗಿನವರು ಬಟ್ಟೆ ಬೂಟು ಬಿಚ್ಚದೆ ಡೆಕ್ ಮೇಲೆಯೇ ಮಲಗುತ್ತಿದ್ದದ್ದು ಇದಕ್ಕೇ. ಮರದ ಹಡಗು ತೂತಾದರೂ ಗಂಟೆಗಟ್ಟಲೆ ತೇಲಬಲ್ಲದು. ಟ್ಯಾಂಕರ್ ಬಗ್ಗೆ ಎಲ್ಲರಿಗೂ ಭಯ, ಆದರೆ ಒಳಗೆ ಹಲವು ಪ್ರತ್ಯೇಕ ಟ್ಯಾಂಕ್‌ಗಳಿರುವುದರಿಂದ ಬೆಂಕಿ ಹತ್ತದಿದ್ದರೆ ಅದು ಗಟ್ಟಿ ಹಡಗು. 1940ರ ನವೆಂಬರ್ 5ರಂದು ಎಚ್‌ಎಕ್ಸ್-84ರ ಮೇಲೆ ಜರ್ಮನಿಯ ಅಡ್ಮಿರಲ್ ಶೇರ್ ಯುದ್ಧನೌಕೆ ದಾಳಿ ಮಾಡಿದಾಗ, ಸುಮಾರು 11,000 ಟನ್ ವಿಮಾನದ ಪೆಟ್ರೋಲ್ ಹೊತ್ತ ಸ್ಯಾನ್ ಡೆಮೆಟ್ರಿಯೊ ಹೊತ್ತಿ ಉರಿಯಿತು, ಸಿಬ್ಬಂದಿ ದೋಣಿಗಳಿಗೆ ಇಳಿದರು. ಎರಡು ದಿನದ ನಂತರ ಒಂದು ದೋಣಿಯವರಿಗೆ ಅದೇ ಹಡಗು ಮತ್ತೆ ಎದುರಾಯಿತು. ಹತ್ತಿ ಬೆಂಕಿ ಆರಿಸಿ, ನಕ್ಷೆ ದಿಕ್ಸೂಚಿಗಳಿಲ್ಲದೆ ಅದನ್ನು ಸ್ಕಾಟ್ಲೆಂಡಿನ ಕ್ಲೈಡ್ ನದಿಗೆ ತಂದರು, ಪೆಟ್ರೋಲಿನ ಬಹುಪಾಲಿನ ಸಮೇತ.

ನೀರಿಗೆ ಬಿದ್ದವರನ್ನು ಹಿಂದಿನ ಹಡಗು ನಿಂತು ಎತ್ತಿಕೊಳ್ಳುವಂತಿರಲಿಲ್ಲ. ನಿಂತ ಹಡಗು ಮುಂದಿನ ಗುರಿ. 1941ರಿಂದ ಸಾಲಿನ ಕೊನೆಯಲ್ಲಿ ರಕ್ಷಣಾ ಹಡಗುಗಳು ಬಂದವು: ಕರಾವಳಿಯಲ್ಲಿ ಪ್ರಯಾಣಿಕರನ್ನು ಸಾಗಿಸುತ್ತಿದ್ದ ಸಣ್ಣ ಹಡಗುಗಳು, ಡೆಕ್ ತಗ್ಗು, ಪಕ್ಕಕ್ಕೆ ಹತ್ತುವ ಬಲೆ, ಒಳಗೆ ಆಪರೇಷನ್ ಕೋಣೆ, ಡಾಕ್ಟರ್. ಒಟ್ಟು ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಅವು ನೀರಿನಿಂದ ಎತ್ತಿದವು.

ಇಲ್ಲಿ ನಮ್ಮವರ ಮಾತು ಬರಬೇಕು. ಯುದ್ಧಕ್ಕೆ ಮುಂಚೆ ಬ್ರಿಟಿಷ್ ಸರಕು ಹಡಗುಗಳ ನಾವಿಕರಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಭಾರತದ ‘ಲಸ್ಕರ’ರು: ಸಿಲ್ಹೆಟ್, ಕೊಂಕಣ, ಗೋವಾ, ಪಂಜಾಬ್ ಕಡೆಯವರು. ಡೆಕ್ ಮೇಲೆ ನಾವಿಕರ ಮೇಸ್ತ್ರಿಯಾದ ಸಾರಂಗ ಮತ್ತು ಅವನ ಕೈಕೆಳಗಿನ ತಂಡೇಲ, ಬಾಯ್ಲರ್ ಮುಂದೆ ಬೆಂಕಿ ಕಾಯುವ ಆಗ್‌ವಾಲಾ. ಸಂಬಳ ಅದೇ ಕೆಲಸದ ಬಿಳಿಯ ನಾವಿಕನದಕ್ಕಿಂತ ಬಹಳ ಕಡಿಮೆ. 1939ರಲ್ಲಿ ಮುಷ್ಕರ ಹೂಡಿ, ಕೆಲವರು ಜೈಲಿಗೂ ಹೋಗಿ, ಸಂಬಳ ಏರಿಸಿಕೊಂಡರು. ಟಾರ್ಪಿಡೊ ಎಂಜಿನ್ ರೂಮಿಗೆ ಬಡಿದರೆ ಸ್ಟೀಮ್ ಪೈಪ್ ಒಡೆಯುತ್ತದೆ, ದೀಪ ಆರುತ್ತದೆ, ಏಣಿ ಕಿತ್ತುಹೋಗುತ್ತದೆ; ನೀರಿನ ಮಟ್ಟದ ಕೆಳಗೆ ಒಲೆ ಕಾಯುತ್ತಿದ್ದವರಿಗೆ ಮೇಲೆ ಬರಲು ದಾರಿಯೇ ಇರುತ್ತಿರಲಿಲ್ಲ. ಯುದ್ಧದಲ್ಲಿ ಸತ್ತ ಭಾರತೀಯ ನಾವಿಕರು ಆರು ಸಾವಿರದ ಆಸುಪಾಸು. ಮುಂಬೈನ ಇಂಡಿಯನ್ ಸೀಮೆನ್ಸ್ ಹೋಮ್‌ನಲ್ಲೂ ಚಿತ್ತಗಾಂಗ್‌ನಲ್ಲೂ ಅವರ ಸ್ಮಾರಕಗಳಿವೆ. ಇವರನ್ನು ಬಿಟ್ಟು ಬರೆದ ಅಟ್ಲಾಂಟಿಕ್ ಕಥೆ ಅಪೂರ್ಣ ಎಂದೇ ನಾನು ಹೇಳುತ್ತೇನೆ. ಬ್ರಿಟಿಷ್ ನಾವಿಕರಿಗೂ ನ್ಯಾಯ ಸಿಕ್ಕಿರಲಿಲ್ಲ: 1941ರ ಮೇ ತನಕ ಹಡಗು ಮುಳುಗಿದ ದಿನಕ್ಕೇ ಸಂಬಳ ನಿಲ್ಲುತ್ತಿತ್ತು.

ಕೊನೆಗೆ ಗೆಲುವಿನತ್ತ ತಿರುಗಿಸಿದ ಕಾರಣಗಳಲ್ಲಿ ರೇಡಾರ್, ದೂರ ಹಾರುವ ವಿಮಾನ, ಬೆಂಗಾವಲು ಪಡೆಗಳ ತರಬೇತಿ ಎಲ್ಲ ಇವೆ. ನನಗೆ ಹಿಡಿಸುವುದು ಒಂದು ಲೆಕ್ಕ. ಸಣ್ಣ ಕಾನ್ವಾಯ್ ಸುರಕ್ಷಿತ ಎಂದು ನೌಕಾಪಡೆ ಬಹಳ ಕಾಲ ನಂಬಿತ್ತು. ಭೌತವಿಜ್ಞಾನಿ ಪಿ.ಎಂ.ಎಸ್. ಬ್ಲ್ಯಾಕೆಟ್ ಅವರ ತಂಡ (ಸ್ವಾತಂತ್ರ್ಯಾನಂತರ ನೆಹರೂ ಅವರಿಗೆ ರಕ್ಷಣಾ ವಿಜ್ಞಾನದ ಬಗ್ಗೆ ಸಲಹೆ ಕೊಟ್ಟವರೂ ಇವರೇ) ಹಳೆಯ ದಾಖಲೆಗಳನ್ನು ತೆಗೆದು ನೋಡಿದಾಗ, ದಾಳಿಗೊಳಗಾದ ಕಾನ್ವಾಯ್ ದೊಡ್ಡದಿರಲಿ ಚಿಕ್ಕದಿರಲಿ, ಮುಳುಗುವ ಹಡಗುಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಹಡಗುಗಳು ಎರಡರಷ್ಟಾದರೆ ಕಾಯಬೇಕಾದ ಸುತ್ತಳತೆ ಏರುವುದು ಸುಮಾರು 1.4 ಪಟ್ಟು ಮಾತ್ರ. ಗುಂಪುಗಳ ಸಂಖ್ಯೆ ಕಡಿಮೆಯಾದರೆ ಒಂದೊಂದಕ್ಕೂ ಹೆಚ್ಚು ಬೆಂಗಾವಲು ಸಿಗುತ್ತದೆ, ಯು-ಬೋಟ್ ಕಣ್ಣಿಗೆ ಬೀಳುವ ಸಂದರ್ಭವೂ ಇಳಿಯುತ್ತದೆ. 1943ರ ವಸಂತದಿಂದ ಕಾನ್ವಾಯ್‌ಗಳು ದೊಡ್ಡದಾದವು. ಅದೇ ಮೇ ತಿಂಗಳಲ್ಲಿ ಜರ್ಮನಿ 41 ಯು-ಬೋಟ್ ಕಳೆದುಕೊಂಡಿತು, ಜರ್ಮನ್ ನೌಕಾಪಡೆಯ ಮುಖ್ಯಸ್ಥ ಡೋನಿಟ್ಜ್ ಉತ್ತರ ಅಟ್ಲಾಂಟಿಕ್‌ನಿಂದ ಅವನ್ನು ಹಿಂದಕ್ಕೆ ಕರೆದ.

1944ರ ಜುಲೈ 17ರಂದು ನ್ಯೂಯಾರ್ಕ್‌ನಿಂದ ಹೊರಟ ಎಚ್‌ಎಕ್ಸ್-300 ಯುದ್ಧದ ಅತಿ ದೊಡ್ಡ ಕಾನ್ವಾಯ್: 167 ಹಡಗು, 19 ಸಾಲು, ಹತ್ತು ಲಕ್ಷ ಟನ್‌ಗೂ ಮಿಕ್ಕಿದ ಸರಕು. ಅಷ್ಟು ಅಗಲದ ಗುಂಪಿನಲ್ಲಿ ನಡುವಿನ ಕಮೊಡೋರ್ ಏರಿಸಿದ ಬಾವುಟ ಅಂಚಿನ ಸಾಲಿಗೆ ನೇರವಾಗಿ ಕಾಣುವ ಮಾತೇ ಇಲ್ಲ; ಸಂಕೇತ ಸಾಲಿನಿಂದ ಸಾಲಿಗೆ ದಾಟಿಯೇ ತಲುಪಬೇಕು. ಆಗಸ್ಟ್ 3ರಂದು ಅದು ಒಂದೂ ಹಡಗು ಕಳೆದುಕೊಳ್ಳದೆ ಬ್ರಿಟನ್ ತಲುಪಿತು.