ಗೋಲಿ ಸೋಡಾ ಜಪಾನಿನದಂತೆ

ಕೆಳಗಿನ ಮನೆಯ ಹುಡುಗನಿಗೆ ಆರು ವರ್ಷ. ಮೊನ್ನೆ ಶನಿವಾರ ಮೆಟ್ಟಿಲ ಮೇಲೆ ಕೂತು ಏನೋ ಕುಡಿಯುತ್ತಿದ್ದ. ನೋಡಿದರೆ ಗೋಲಿ ಸೋಡಾ! ಅದೇ ಹಿಂಡಿದ ಕತ್ತು, ಅದರೊಳಗೆ ಟಿಣಿಟಿಣಿ ಅನ್ನುವ ಅದೇ ಗೋಲಿ. "ಇದು ನಮ್ಮೂರಿಂದು" ಅಂದುಬಿಟ್ಟೆ. ಅವನು ಲೇಬಲ್ ತಿರುಗಿಸಿ ತೋರಿಸಿದ. "ಅಲ್ಲ, ಜಪಾನಿಂದು, ರಾಮುನೆ. ನಿಮ್ಮೂರವರು ಇದನ್ನ ನೋಡಿ ಮಾಡಿರಬೇಕು."

ಆರು ವರ್ಷದವನ ಜೊತೆ ಏನು ಜಗಳ ಆಡೋದು? ಆದರೂ ರಾತ್ರಿವರೆಗೂ ಚುಚ್ಚುತ್ತಲೇ ಇತ್ತು. ಕೊನೆಗೆ ಹುಡುಕಿದೆ. 1872ರಲ್ಲಿ ಇಂಗ್ಲೆಂಡಿನ ಹಿರಮ್ ಕಾಡ್ ಅನ್ನುವವನು ಪೇಟೆಂಟ್ ಮಾಡಿಸಿದ ಬಾಟಲಿಯಂತೆ. ಒಳಗಿನ ಗ್ಯಾಸೇ ಗೋಲಿಯನ್ನ ಮೇಲಕ್ಕೆ ಒತ್ತಿ ರಬ್ಬರ್ ಉಂಗುರಕ್ಕೆ ಕೂರಿಸುತ್ತದೆ. ಅಂದರೆ ಅವನದೂ ಅಲ್ಲ, ನನ್ನದೂ ಅಲ್ಲ.

ಇಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಗುಳ್ಳೆ ನೀರಿಗೇನು ಬರ ಇಲ್ಲ, ಹೋಟೆಲಿನಲ್ಲಿ ನೀರು ಕೇಳಿದರೆ ಗ್ಯಾಸ್ ಇರೋದಾ ಇಲ್ಲದ್ದಾ ಅಂತಲೇ ಕೇಳುತ್ತಾರೆ. ಈಗ ಆಫೀಸಿನವರ ಕೈಯಲ್ಲೆಲ್ಲಾ ಫ್ಲೇವರ್ ಹಾಕಿದ ಡಬ್ಬಿ. ನಿಂಬೆ, ಪೀಚ್, ಸೌತೆಕಾಯಿ ಕೂಡ. ನಿಂಬೆಹಣ್ಣು ತೊಳೆದ ನೀರಿನ ಹಾಗಿರುತ್ತದೆ. ಅಮ್ಮನಿಗೆ ಹೇಳಿದರೆ, "ಸಕ್ಕರೆ ಇಲ್ಲ, ಉಪ್ಪಿಲ್ಲ, ಬರೀ ವಾಸನೆಗೆ ದುಡ್ಡಾ?" ಅಂದಳು.

ಆದರೆ ಖಾಲಿ ಡಬ್ಬಿ ಅಂಗಡಿಯ ಮೆಷಿನ್‌ಗೆ ಹಾಕಿದರೆ 25 ಸೆಂಟ್ ವಾಪಸ್ ಬರುತ್ತದೆ. 2003ರಿಂದ ಈ ನಿಯಮ. ಇದನ್ನ ನಮ್ಮ ಅಣ್ಣನ ಮುಂದೆ ಜಂಬದಿಂದ ಹೇಳಿದ್ದೆ. "ಅಲ್ಲಲೇ, ನಮ್ಮ ಸೋಡಾದವನು ಯಾವತ್ತಾದರೂ ಬಾಟಲಿ ಮನೆಗೆ ಕೊಟ್ಟಿದ್ದನಾ?" ಅಂದ.

ಹೌದಲ್ವಾ! ನಮ್ಮ ದಾವಣಗೆರೆಯ ಜಯದೇವ ಸರ್ಕಲ್ ಹತ್ತಿರ ಮಂಡಕ್ಕಿ ಮೆಣಸಿನಕಾಯಿ ತಿಂದು, ಬಾಯಿ ಉರಿದು, ಅವನ ಗಾಡಿ ಮುಂದೆ ನಿಂತೇ ಕುಡಿಯಬೇಕಿತ್ತು. ಬಾಟಲಿ ಕೈಗೆ ಕೊಡುವವರೆಗೂ ಅವನ ಕಣ್ಣು ನಮ್ಮ ಮೇಲೇ. ಒಂದು ಸಲ ಗೋಲಿ ಆಸೆಗೆ ಅಂಗಿಯೊಳಗೆ ಬಾಟಲಿ ಅಡಗಿಸಿಕೊಂಡು ಓಡಿ, ಹಿತ್ತಲ ಒಗೆಯುವ ಕಲ್ಲಿಗೆ ಕುಟ್ಟಿದ್ದೆ. ಗೋಲಿ ಸಿಕ್ಕಿತು, ಹೆಬ್ಬೆರಳೂ ಕುಯ್ದುಕೊಂಡಿತು. ಸಂಜೆ ಅವನು ಮನೆಗೇ ಬಂದು ಅಪ್ಪನ ಹತ್ತಿರ ಬಾಟಲಿ ದುಡ್ಡು ಎಣಿಸಿಕೊಂಡು ಹೋದ. ಹೋಗುವಾಗ ನನ್ನ ಬೆರಳು ನೋಡಿ "ಅರಿಶಿನ ಹಚ್ಚಿ" ಅಂದ.

ಹೋದ ವರ್ಷ ಊರಿಗೆ ಬಂದಾಗ ಅದೇ ಸರ್ಕಲ್‌ನಲ್ಲಿ ಸೋಡಾ ಕೇಳಿದೆ, ಪ್ಲಾಸ್ಟಿಕ್ ಬಾಟಲಿ ಕೊಟ್ಟರು. ಖಾಲಿ ಆದಮೇಲೆ ಎಲ್ಲಿ ಹಾಕಲಿ ಅಂದೆ. ಅಂಗಡಿಯವನು ಗದ್ದದಲ್ಲೇ ಚರಂಡಿ ತೋರಿಸಿದ. ಇದನ್ನ ಮಾತ್ರ ಕೆಳಗಿನ ಮನೆಯ ಹುಡುಗನಿಗೆ ಹೇಳಿಲ್ಲ.

ನಿನ್ನೆ ಅಣ್ಣ ಫೋನ್ ಮಾಡಿದ. ಮಂಡಿಪೇಟೆ ಕಡೆ ಒಂದು ಗೋಲಿ ಸೋಡಾ ಗಾಡಿ ಸಿಕ್ಕಿದೆ, ಕೇಳಿಸಿಕೋ ಅಂದ. ಒಡೆದನಂತೆ. ನನಗೇನೂ ಕೇಳಲಿಲ್ಲ. ಇನ್ನೊಂದು ಒಡೆಸಿದ, ಆಗಲೂ ಇಲ್ಲ. ಅವನ ಕಿವಿಯಲ್ಲಿದ್ದದ್ದು ಒಂಬೈನೂರು ರೂಪಾಯಿಯ ಹೊಸ ಇಯರ್‌ಬಡ್ಸ್. ಮಾತು ಮಾತ್ರ ಕಳಿಸಿ ಸುತ್ತಲಿನ ಗಲಾಟೆ ತೆಗೆಯುತ್ತದೆ ಅಂತ ಡಬ್ಬದ ಮೇಲೆ ಬರೆದಿದೆಯಂತೆ. ಪಾಪ, ಅದರ ಲೆಕ್ಕದಲ್ಲಿ ಸೋಡಾನೂ ಗಲಾಟೆಯೇ.

"ಕಿತ್ತು ಜೇಬಿಗಿಡೋ" ಅಂದೆ. ಕಿತ್ತ. ಮೊದಲು ಆಟೋ ಹಾರ್ನ್, ಆಮೇಲೆ ಯಾರೋ ಚಿಲ್ಲರೆ ಕೇಳಿದ್ದು, ಆಮೇಲೆ ಮೂರನೆಯ ಬಾಟಲಿ. ಟೊಪ್.