ಬೆನ್ನು ಮಾತ್ರ ಕಾಣುವ ಹೆಂಗಸು

ಇವತ್ತು ಸ್ವಿಟ್ಜರ್ಲೆಂಡಿನ ಚಿತ್ರಕಾರ ಬೋಕ್ಲಿನ್‌ನ ‘ಸತ್ತವರ ದ್ವೀಪ’ದ ಪ್ರಿಂಟ್ ಮನೆಗೆ ಬಂತು. 1883ರಲ್ಲಿ ಬರೆದ ಇದರ ಮೂಲಚಿತ್ರ ಬರ್ಲಿನ್‌ನಲ್ಲಿದೆ. ಕಾಗದ ದಪ್ಪ, ಹೊಳಪಿಲ್ಲ. ಅದಕ್ಕೇ ಆ ಕಪ್ಪು ಸೈಪ್ರೆಸ್ ಮರಗಳು ಅಷ್ಟು ಆಳವಾಗಿ ಕಾಣುತ್ತವೆ.

ಆದರೆ ಕಣ್ಣು ಹೋಗಿ ನಿಲ್ಲೋದು ದೋಣಿಯ ಮೇಲೆ. ಬಿಳಿ ಬಟ್ಟೆ ಹೊದ್ದು ನಿಂತವಳ ಬೆನ್ನು ಅಷ್ಟೇ ಕಾಣುತ್ತದೆ. ಅವಳ ಮುಂದೆ ಬಿಳಿ ಹೊದಿಸಿದ ಶವಪೆಟ್ಟಿಗೆ. ಅಳುತ್ತಿದ್ದಾಳೋ, ಸುಮ್ನೆ ನೋಡುತ್ತಿದ್ದಾಳೋ, ತಿಳಿಯೋದಿಲ್ಲ. ಮುಖ ಬರೆದಿದ್ದರೆ ಅದು ಅವಳೊಬ್ಬಳ ದುಃಖ ಆಗಿಬಿಡುತ್ತಿತ್ತು, ಅಲ್ವಾ?

ಗಂಡನನ್ನು ಕಳೆದುಕೊಂಡಿದ್ದ ಮಾರೀ ಬೆರ್ನಾ ಎಂಬಾಕೆ 1880ರಲ್ಲಿ ಕೇಳಿಕೊಂಡ ಮೇಲೆಯೇ ಈ ಹೆಂಗಸು, ಈ ಪೆಟ್ಟಿಗೆ ಚಿತ್ರಕ್ಕೆ ಬಂದದ್ದು. ಬೋಕ್ಲಿನ್ ಇದನ್ನು ಒಟ್ಟು ಐದು ಸಲ ಬರೆದ. ಒಂದು ಎರಡನೇ ಮಹಾಯುದ್ಧದಲ್ಲಿ ನಾಶವಾಯಿತು. ನನ್ನ ಬಳಿ ಇರುವ 1883ರ ಚಿತ್ರದಲ್ಲಿ, ಬಲಗಡೆ ಬಂಡೆಯಲ್ಲಿ ಕೊರೆದ ಒಂದು ಗೋರಿಯ ಬಾಗಿಲ ಮೇಲೆ ತನ್ನದೇ ಹೆಸರಿನ ಮೊದಲಕ್ಷರ ಹಾಕಿದ್ದಾನೆ. ಕಣ್ಣು ಹತ್ತಿರ ತಂದು ಹುಡುಕಿ ನೋಡಿದೆ. ಮೈ ಜುಮ್ಮೆಂದಿತು.

‘ಬರೀ ಪ್ರಿಂಟ್ ತಾನೇ’ ಅನ್ನುವವರಿಗೆ ಒಂದು ಮಾತು. ರಷ್ಯಾದ ಸಂಗೀತ ರಚನಕಾರ ರಾಖ್ಮನಿನೋವ್ ಮೊದಲು ನೋಡಿದ್ದೂ ಇದರ ಕಪ್ಪು-ಬಿಳುಪು ಪ್ರತಿಯನ್ನೇ. ಅದರಿಂದಲೇ 1909ರಲ್ಲಿ ಒಂದು ದೊಡ್ಡ ಸಂಗೀತ ಕೃತಿ ಹುಟ್ಟಿತು. ಆಮೇಲೆ ಬಣ್ಣದ ಮೂಲಚಿತ್ರ ನೋಡಿದಾಗ ಅದು ಅವನಿಗೆ ಅಷ್ಟಾಗಿ ಹಿಡಿಸಲಿಲ್ಲ. ಪುರುಸೊತ್ತಾದಾಗ ಕೇಳಿ. ಶುರುವಿನಲ್ಲೇ ದೋಣಿಯ ಹುಟ್ಟು ಹಾಕುವ ಸದ್ದು, ನಮ್ಮ ಕರ್ನಾಟಕ ಸಂಗೀತದ ಖಂಡ ನಡೆಯ ಹಾಗೆ ಐದೈದು ಎಣಿಕೆಯಲ್ಲಿ.